ಜಲ್ಲಿ ಅಕ್ಕನ ಒಂಬತ್ತು ಕಿಲೋಮೀಟರು

ಅಂಚಿಗೆ ಸರಿದ ಜಲ್ಲಿಯನ್ನು ಕುಂಟೆಯಿಂದ ನಡುವಿಗೆ ಎಳೆಯುತ್ತಿರುವಾಗಲೇ ಬೆನ್ನ ಹಿಂದೆ ಗಂಟೆ ಕೇಳಿಸುತ್ತದೆ. ಅವರು ತಿರುಗಿ ನೋಡುವುದಿಲ್ಲ. ಹೊಲದ ಕಡೆಗೆ ಒಂದು ಹೆಜ್ಜೆ ಸರಿದು, ಕುಂಟೆಯನ್ನು ಮೈಗೆ ಆನಿಸಿಕೊಂಡು ನಿಲ್ಲುತ್ತಾರೆ. ಎರಡೂ ಬದಿಗೆ ಕ್ಯಾನು ತೂಗಿಸಿಕೊಂಡ ಹಾಲಿನವನ ಸೈಕಲ್ಲು ಕರಕರ ಸದ್ದು ಮಾಡುತ್ತಾ ದಾಟುತ್ತದೆ.

“ಅಕ್ಕಾ, ನಾಲ್ಕನೇ ತೂಬಿನ ಹತ್ರ ಏಡಿ ಮತ್ತೆ ತೂತು ಕೊರೆದಿದೆ ನೋಡಿ!”

“ನಿನ್ನ ಹಾಲಿಗಿಂತ ಮುಂಚೆ ಆ ಸುದ್ದಿ ಬಂತು. ಹೋಗು ಹೋಗು, ನೀರು ಬೆರೆಸೋಕೆ ಹೊತ್ತಾಯ್ತು.”

“ಕಾಲುವೆ ಪಕ್ಕದಲ್ಲೇ ಹೋಗ್ತಿದ್ದೀನಲ್ಲ, ಹೊತ್ತೇನು ಬೇಡ!”

ಸೂರ್ಯ ಇನ್ನೂ ಜೋಳದ ಹೊಲದ ಆಚೆಯೇ ಇದ್ದಾನೆ. ಎಡಕ್ಕೆ ತುಂಬಿ ಹರಿಯುವ ಕಾಲುವೆ, ಬಲಕ್ಕೆ ಎಲೆಕೋಸಿನ ಸಾಲುಗಳು, ನಡುವೆ ಏರಿಯ ಮೇಲೆ ಬೂದು ಬಣ್ಣದ ಜಲ್ಲಿ ದಾರಿ. ಅದರ ಮೇಲೆ ಮೋಟಾರಿನ ಸದ್ದಿಲ್ಲ, ಹೊಗೆಯಿಲ್ಲ. ನೀರಿನ ಸದ್ದು, ಚಕ್ರದ ಸದ್ದು, ಕುಂಟೆಯ ಸದ್ದು ಅಷ್ಟೇ. ಐವತ್ತೆಂಟು ವರ್ಷದ ಈ ಹೆಣ್ಣುಮಗಳನ್ನು ದಾರಿಯ ಈ ತುದಿಯಿಂದ ಆ ತುದಿಯವರೆಗೂ ಎಲ್ಲರೂ ಕರೆಯುವುದು ಜಲ್ಲಿ ಅಕ್ಕ ಎಂದು.

ಮುಖ್ಯ ಅಣೆಕಟ್ಟಿನಿಂದ ರೈಲು ಸೇತುವೆಯವರೆಗೆ ಒಂಬತ್ತು ಕಿಲೋಮೀಟರು ಅವರ ಪಾಲು. ದಾರಿಯ ಎರಡೂ ತುದಿಗೆ ಕಲ್ಲುಕಂಬಗಳಿವೆ. ಅವುಗಳ ನಡುವೆ ಎಷ್ಟು ಜಾಗ ಬಿಡಬೇಕೆಂದು ನೀರಾವರಿ ಕಚೇರಿಯವರು ಟೇಪು ಹಿಡಿದು ತಲೆ ಕೆರೆದುಕೊಳ್ಳುತ್ತಿದ್ದಾಗ ಅಕ್ಕ ಹಾಲಿನವನನ್ನು ಕರೆಸಿ, ತುಂಬಿದ ಎರಡು ಕ್ಯಾನಿನ ಸಮೇತ ನಡುವೆ ನಿಲ್ಲಿಸಿ, ಆಚೆ ಈಚೆ ಒಂದೊಂದು ಗೇಣು ಬಿಟ್ಟು ಗುರುತು ಹಾಕಿದರು. ಹಾಗಾಗಿ ಟ್ರ್ಯಾಕ್ಟರನ್ನು ಕಂಬ ತಡೆಯುತ್ತದೆ. ಬೈಕನ್ನು ತಡೆಯುವುದು ಅಕ್ಕನ ಬಾಯಿ.

“ಒಬ್ಬ ಬಂದಿದ್ದ, ಅರ್ಜೆಂಟು ಅಂದ. ಅರ್ಜೆಂಟಾದ್ರೆ ಇಳಿದು ತಳ್ಕೊಂಡು ಹೋಗಪ್ಪಾ, ನಾನೂ ಹಿಂದಿಂದ ಕೈ ಕೊಡ್ತೀನಿ ಅಂದೆ. ಒಂಬತ್ತು ಕಿಲೋಮೀಟ್ರು ಅಂತ ಕೇಳಿದ ಮೇಲೆ ಅವನ ಅರ್ಜೆಂಟು ಇಳೀತು.”

ದಾರಿಗೆ ಮೂರು ಪದರ. ಅಡಿಯಲ್ಲಿ ಮುಷ್ಟಿ ಗಾತ್ರದ ಕಲ್ಲು, ಅದರ ಮೇಲೆ ಒಡೆದ ಸಣ್ಣ ಜಲ್ಲಿ, ಎಲ್ಲದರ ಮೇಲೆ ಕ್ರಷರಿನ ಕಲ್ಲುಪುಡಿ. ನಡು ಎತ್ತರ, ಅಂಚು ತಗ್ಗು, ಮೀನಿನ ಬೆನ್ನಿನಂತೆ. ಇಲ್ಲದಿದ್ದರೆ ಮಳೆ ನೀರು ನಿಲ್ಲುತ್ತದೆ. ನಿಂತ ನೀರು ಮೊದಲು ಪುಡಿಯನ್ನು, ಆಮೇಲೆ ಜಲ್ಲಿಯನ್ನು, ಕೊನೆಗೆ ಏರಿಯನ್ನೇ ತಿನ್ನುತ್ತದೆ. ಓಡುವ ಚಕ್ರಗಳು ಜಲ್ಲಿಯನ್ನು ದಿನವಿಡೀ ಅಂಚಿಗೆ ತಳ್ಳುತ್ತವೆ. ಮರುದಿನ ಬೆಳಿಗ್ಗೆ ಅಕ್ಕ ಅದನ್ನು ನಡುವಿಗೆ ತರುತ್ತಾರೆ.

“ಅವರು ತಳ್ತಾರೆ, ನಾನು ಎಳೀತೀನಿ. ಜಗಳವಿಲ್ಲದ ಹಗ್ಗಜಗ್ಗಾಟ” ಎಂದು ನಗುತ್ತಾರೆ.

ದಿನಕ್ಕೆ ಹತ್ತರಿಂದ ಹನ್ನೆರಡು ಗುಂಡಿ, ಮೂವತ್ತು ಬುಟ್ಟಿ ಜಲ್ಲಿ. ವಾರದ ದಿನಗಳಲ್ಲಿ ನೂರೈವತ್ತು ಸೈಕಲ್ಲು, ರಜೆಯ ದಿನ ಮುನ್ನೂರರ ಮೇಲೆ. ಲೆಕ್ಕ ಇಡುವುದೂ ಅವರದೇ ಕೆಲಸ. ಹತ್ತು ಸೈಕಲ್ಲು ದಾಟಿದರೆ ಒಂದು ಜಲ್ಲಿಕಲ್ಲು ಅಂಗಿಯ ಬಲ ಜೇಬಿನಿಂದ ಎಡ ಜೇಬಿಗೆ ಹೋಗುತ್ತದೆ. ಸಂಜೆ ಎಡಗಡೆ ಜೋತುಬಿದ್ದಿದ್ದರೆ ಅದು ಒಳ್ಳೆಯ ದಿನ. ಶಾಲೆಯ ಹುಡುಗಿಯರು, ನರ್ಸರಿ ತೋಟದ ಕೂಲಿಯವರು, ಬೇಕರಿಯಾತ, ರಜೆಯ ದಿನ ಪೇಟೆಯಿಂದ ಹೆಲ್ಮೆಟ್ಟು ತೊಟ್ಟು ಬರುವ ದಂಡು. “ಆ ಬಿಗಿ ಬಟ್ಟೆ ನೋಡಿ ನಮ್ಮ ಯಜಮಾನ್ರು, ಪಾಪ, ಒಗೆದು ಒಗೆದು ಕುಗ್ಗಿಹೋಗಿದೆ ಅಂದ್ಕೊಂಡಿದ್ರು.”

ಯಜಮಾನರು ಅಂದರೆ ಇದೇ ಕಾಲುವೆಯ ತೂಬು ತಿರುಗಿಸಿ ಹೊಲಗಳಿಗೆ ನೀರು ಬಿಡುವವರು. ಮೂರನೇ ತೂಬಿನ ಬಳಿ ಎರಡು ಕೋಣೆಯ ಮನೆ. ಮುಂದಿನ ಕೋಣೆಯ ಗೋಡೆಗೆ ತೂಬಿನ ಕಬ್ಬಿಣದ ಕೈಗಳು ಒಂದರ ಪಕ್ಕ ಒಂದು ನೇತುಬಿದ್ದಿವೆ. ಬಾಗಿಲ ಹಿಂದೆ ಗುದ್ದಲಿ, ಸಲಿಕೆ, ನೆಲ ಬಡಿದು ಗಟ್ಟಿ ಮಾಡುವ ದಮ್ಮಸ್ಸು; ಅದರ ಹಿಡಿ ಸವೆದು ಕನ್ನಡಿಯಂತೆ ಹೊಳೆಯುತ್ತದೆ. ಕಿಟಕಿಯ ಬಳಿಯ ಮೇಜಿನ ಒಂದು ಕಾಲು ಗಿಡ್ಡ. ಅದರ ಅಡಿಗೂ ಒಂದು ಜಲ್ಲಿಕಲ್ಲು. ಮೂವತ್ತು ವರ್ಷದ ಹಿಂದೆ ಮದುವೆಯಾಗಿ ಈ ಮನೆಗೆ ಬಂದಾಗ ಅಕ್ಕ ಹೂಳೆತ್ತುವ ಗುಂಪಿನಲ್ಲಿ ಬುಟ್ಟಿ ಹೊತ್ತವರು. ಮೊಣಕಾಲು ಮಾತು ಕೇಳದಾದಾಗ ಏರಿಯ ಕೆಲಸಕ್ಕೆ ಹಾಕಿದರು. ಎರಡು ವರ್ಷದ ಹಿಂದೆ ಕಚೇರಿಯವರು ಕೆಸರು ಏರಿಗೆ ಜಲ್ಲಿ ಹಾಕಿಸಿ, ‘ಪ್ರಾಯೋಗಿಕ ಸೈಕಲ್ ದಾರಿ’ ಎಂಬ ಬೋರ್ಡು ನೆಟ್ಟು, ಅದನ್ನು ಇವರ ಕೈಗಿಟ್ಟರು.

ಅದಕ್ಕೂ ಮೊದಲು ಸೈಕಲ್ಲಿನವರಿಗೆಲ್ಲ ಹೆದ್ದಾರಿಯೇ ಗತಿ. ಲಾರಿಯ ಗಾಳಿಗೆ ಹಾಲಿನವನು ಎರಡು ಸಲ ಚರಂಡಿಗೆ ಬಿದ್ದಿದ್ದ. “ಮನೆಯಿಂದ ಹೊರಡುವಾಗ ಹೆಂಡತಿ ಮುಖ ಸರಿಯಾಗಿ ನೋಡ್ಕೊಂಡು ಹೊರಡ್ತಿದ್ದೆ” ಎನ್ನುತ್ತಾನೆ ಅವನು. “ಈಗ ಅವಳೇ ಕೇಳ್ತಾಳೆ, ಯಾಕ್ರೀ ನನ್ನ ಮುಖ ನೋಡೋದೇ ಬಿಟ್ರಿ ಅಂತ.”

ಕೆಲಸ ಸರಿಯಾಗಿದೆಯೋ ಇಲ್ಲವೋ ನೋಡಲು ಅಕ್ಕನದೇ ಒಂದು ಉಪಾಯವಿದೆ. ಗಂಡನ ಹಳೆಯ ಸೈಕಲ್ಲಿನ ಹಿಡಿಗೆ ಅಂಚಿನವರೆಗೆ ನೀರು ತುಂಬಿದ ಮಗ್ಗು ನೇತುಹಾಕಿ ಮೆಲ್ಲಗೆ ತುಳಿಯುತ್ತಾರೆ. ನೀರು ತುಳುಕಿದ ಕಡೆ ಇಳಿದು ಒಂದು ಚಿಟಿಕೆ ಸುಣ್ಣ ಹಾಕುತ್ತಾರೆ. ಮರುದಿನ ಆ ಬಿಳಿ ಗುರುತಿನ ಜಾಗವನ್ನು ಅಗೆದು, ಗುಂಡಿಯ ಅಂಚನ್ನು ನೇರ ಕತ್ತರಿಸಿ, ನೀರು ಚಿಮುಕಿಸಿ, ತುಂಬಿ, ದಮ್ಮಸ್ಸು ಹಾಕುತ್ತಾರೆ.

“ಗುಂಡಿ ಇದ್ದಷ್ಟಕ್ಕೇ ತುಂಬಿದ್ರೆ ನಿಲ್ಲಲ್ಲ. ಮೊದ್ಲು ಗುಂಡೀನ ದೊಡ್ಡದು ಮಾಡ್ಬೇಕು. ಗಟ್ಟಿ ನೆಲ ಸಿಗೋವರೆಗೂ ಕೆತ್ತಬೇಕು. ನೋಡೋರಿಗೆ ಹುಚ್ಚು ಅನ್ಸುತ್ತೆ.”

ಆ ಮಗ್ಗು ಒಂದೇ ಒಂದು ಸಲ ಅವರಿಗೆ ಕೈಕೊಟ್ಟಿತು. ಆ ಕಥೆಯನ್ನು ಅವರು ಯಾರೂ ಕೇಳದೆಯೇ ಹೇಳುತ್ತಾರೆ. “ನನ್ನ ಬಗ್ಗೆ ಪೇಪರಲ್ಲಿ ಬರೆಯೋದಾದ್ರೆ ಇದನ್ನ ಬಿಟ್ಟು ಬರೀಬೇಡಿ. ಬಿಡೋ ಹಾಗಿದ್ರೆ ನನ್ನನ್ನೂ ಬಿಟ್ಟುಬಿಡಿ” ಎಂದು ಖಡಾಖಂಡಿತವಾಗಿ ಹೇಳಿ, ಮೂರನೇ ತೂಬಿನ ಆಚೆಯ ಬಾಗಿನ ಹತ್ತಿರ ಹೋಗಿ ನಿಲ್ಲುತ್ತಾರೆ. ಅಲ್ಲಿ ಕಾಲುವೆ ಎಡಕ್ಕೆ ಹೊರಳುತ್ತದೆ, ದಾರಿಯೂ ಅದರ ಜೊತೆಗೇ.

ದಾರಿಯ ಉದ್ಘಾಟನೆ ಶನಿವಾರ ಎಂದು ಗೊತ್ತಾಗಿತ್ತು. ಕ್ರಷರ್ ಜಲ್ಲಿಯ ಲಾರಿ ತಿಂಗಳಿನಿಂದ ಬಂದಿರಲಿಲ್ಲ. ಬಾಗಿನಲ್ಲಿ ಹದಿನೈದು ಮಾರು ಬರಿ ಮಣ್ಣು. ಅದೇ ವಾರ ಹೂಳೆತ್ತಿದಾಗ ಕಾಲುವೆಯ ತಳದಿಂದ ಬಂದ ಉರುಟು ಕಲ್ಲುಗಳು ತೂಬಿನ ಹಿಂದೆ ರಾಶಿ ಬಿದ್ದಿದ್ದವು. ನೀರು ಉಜ್ಜಿ ನುಣ್ಣಗೆ ಮಾಡಿದ ಕಲ್ಲುಗಳು. ಬಿಳಿ, ಕಂದು, ನೀಲಿ. ಅಕ್ಕ ಅವನ್ನು ಬುಟ್ಟಿಯಲ್ಲಿ ಹೊತ್ತು ಬಾಗಿನ ತುಂಬಾ ಹರಡಿ, ಮಗ್ಗು ಕಟ್ಟಿಕೊಂಡು ಮೆಲ್ಲಗೆ ಹೋಗಿ ನೋಡಿದರು. ಒಂದು ಹನಿಯೂ ಚೆಲ್ಲಲಿಲ್ಲ. ಶನಿವಾರ ಬಂದ ದೊಡ್ಡವರೆಲ್ಲ ಆ ಬಾಗಿನಲ್ಲೇ ನಿಂತು ಫೋಟೋ ತೆಗೆಸಿಕೊಂಡರು. ‘ಎಷ್ಟು ಚೆಂದ’ ಎಂದರು. ಅಕ್ಕನಿಗೂ ಚೆಂದವೇ ಕಂಡಿತ್ತು.

ಮಂಗಳವಾರ ಬೆಳಿಗ್ಗೆ ಕ್ಲಿನಿಕ್ಕಿನ ನರ್ಸಮ್ಮ ಆರು ವರ್ಷದ ಮಗಳನ್ನು ಹಿಂದೆ ಕೂರಿಸಿಕೊಂಡು ಬಂದರು. ಒಡೆದ ಜಲ್ಲಿಗೆ ಮೂಲೆಗಳಿರುತ್ತವೆ. ಒಂದಕ್ಕೊಂದು ಕಚ್ಚಿಕೊಂಡು ಕೂರುತ್ತವೆ. ಉರುಟು ಕಲ್ಲು ಗೋಲಿಯಂತೆ. ನೇರಕ್ಕೆ, ನಿಧಾನಕ್ಕೆ ಹೋದರೆ ಸುಮ್ಮನಿರುತ್ತದೆ, ಚಕ್ರ ವಾಲಿದರೆ ಉರುಳುತ್ತದೆ. ಸೈಕಲ್ಲು ಜಾರಿತು. ಮಗುವಿನ ಕೈ ಮುರಿಯಿತು.

“ನೀರು ಚೆಲ್ಲಲಿಲ್ಲ, ಮಗು ಬಿತ್ತು” ಎನ್ನುತ್ತಾರೆ ಅಕ್ಕ. ಆ ವಾಕ್ಯ ಅವರ ಬಾಯಲ್ಲಿ ಎಷ್ಟು ಸಲ ಉರುಳಿದೆಯೋ, ಅದೂ ನುಣ್ಣಗಾಗಿದೆ.

ಮಗುವನ್ನು ಎತ್ತಿಕೊಂಡು ಕ್ಲಿನಿಕ್ಕಿಗೆ ಓಡಿದ್ದು ಅಕ್ಕನೇ. ಮರಳಿ ಬಂದವರು ಗಂಡನನ್ನು ಕರೆದು, ಕತ್ತಲಾಗುವುದರೊಳಗೆ ಕಲ್ಲನ್ನೆಲ್ಲ ಬಳಿದು ತೆಗೆದು, ಬೇರೆ ಕಡೆಯಿಂದ ಕೆರೆದು ತಂದ ಜಲ್ಲಿ ಹಾಕಿ ದಮ್ಮಸ್ಸು ಮಾಡಿಬಿಟ್ಟರು. ಇನ್ನೊಬ್ಬರು ಬೀಳಬಾರದು ಎಂಬುದೊಂದೇ ಆಗ ತಲೆಯಲ್ಲಿದ್ದದ್ದು. ಮರುದಿನ ಬಂದ ಅಂದಿನ ಸಾಹೇಬರಿಗೆ ಕಂಡದ್ದು ಗಟ್ಟಿ ದಾರಿ. ‘ದಾರಿ ಸುಸ್ಥಿತಿಯಲ್ಲಿದೆ. ಸವಾರರ ಅಜಾಗರೂಕತೆ’ ಎಂದು ಬರೆದುಕೊಂಡರು. “ನೋಡಮ್ಮಾ, ದಾರಿದು ತಪ್ಪು ಅಂತ ಒಂದೇ ಒಂದು ಮಾತು ಬಂದ್ರೂ ಗೇಟು ಹಾಕಿ ಬೀಗ ಜಡಿದುಬಿಡ್ತೀನಿ. ಮೊದ್ಲೇ ಇದು ಪ್ರಾಯೋಗಿಕ” ಎಂದು ಹೇಳಿ, ಆ ಹಾಳೆಯ ಕೆಳಗೆ ಅಕ್ಕನ ಸಹಿ ಹಾಕಿಸಿಕೊಂಡರು. ಇನ್ನೊಬ್ಬರು ಬೀಳದಿರಲೆಂದು ಮಾಡಿದ ಕೆಲಸವೇ ಬಿದ್ದವರ ಮೇಲೆ ತಪ್ಪು ಹೊರಿಸಿತ್ತು.

ನರ್ಸಮ್ಮನೂ ಅದನ್ನೇ ನಂಬಿದರು. ಮಗಳ ಜೊತೆ ಮಾತಾಡುತ್ತಾ ಮೈಮರೆತೆ ಎಂದು ಎಲ್ಲರ ಮುಂದೆ ಹೇಳಿಕೊಂಡರು. ಸೈಕಲ್ಲನ್ನು ಮಾರಿದರು. ‘ಮಗೂನ ಬೀಳಿಸಿದೋಳು’ ಎಂದು ಅವರ ಅತ್ತೆಯೇ ಬಂದವರಿಗೆಲ್ಲ ಪರಿಚಯ ಮಾಡಿಕೊಡುತ್ತಾರೆ ಎಂಬ ಸುದ್ದಿ ಹಾಲಿನವನ ಬಾಯಿಂದ ಬಂದ ದಿನ ಅಕ್ಕ ಬಡಿಸಿಕೊಂಡ ಅನ್ನವನ್ನು ಹಾಗೇ ಮುಚ್ಚಿಟ್ಟರು.

ಹೇಳಿದರೆ ದಾರಿಗೆ ಬೀಗ, ನೂರೈವತ್ತು ಸೈಕಲ್ಲು ಮತ್ತೆ ಲಾರಿಗಳ ನಡುವೆ. ಹೇಳದಿದ್ದರೆ ಒಬ್ಬ ತಾಯಿ ತನ್ನದಲ್ಲದ ತಪ್ಪನ್ನು ಹೊತ್ತು ತಿರುಗಬೇಕು. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯ ಪಾಡು. ಒಮ್ಮೆ ಧೈರ್ಯ ಮಾಡಿ ಕ್ಲಿನಿಕ್ಕಿಗೇ ಹೋದರು. ನರ್ಸಮ್ಮ ಇವರ ಮುಖ ನೋಡಿ, “ಏನಕ್ಕಾ ಇಷ್ಟು ಬೆವರಿದ್ದೀರಿ?” ಎಂದು ಕೂರಿಸಿ, ಬಿಪಿ ನೋಡಿ, ಉಪ್ಪು ಕಡಿಮೆ ಮಾಡಿ ಎಂದು ಕಳಿಸಿದರು. “ತಪ್ಪೊಪ್ಪಿಕೊಳ್ಳೋಕೆ ಹೋದೋಳು ಮಾತ್ರೆ ತಗೊಂಡು ಬಂದೆ” ಎಂದು ಅಕ್ಕ ಹಣೆ ಚಚ್ಚಿಕೊಳ್ಳುತ್ತಾರೆ. ಆಮೇಲೆ ನರ್ಸಮ್ಮನಿಗೆ ದೂರದ ಇನ್ನೊಂದು ಕ್ಲಿನಿಕ್ಕಿಗೆ ವರ್ಗವಾಯಿತು. ಉಳಿದದ್ದು ಕಾಗದ.

ಎರಡು ವರ್ಷದಲ್ಲಿ ಅಕ್ಕ ಹನ್ನೊಂದು ಕಾಗದ ಬರೆದಿದ್ದಾರೆ. ಒಂದನ್ನೂ ಕಳಿಸಿಲ್ಲ. ಎಲ್ಲವೂ ಕ್ಷೇಮ ಸಮಾಚಾರದಿಂದ ಶುರುವಾಗಿ, ಮಗುವಿನ ಓದು, ಮಳೆ, ಬೆಳೆ, ಮೊಣಕಾಲು ನೋವು ಎಲ್ಲವನ್ನೂ ಮುಗಿಸಿ ಬರುವಷ್ಟರಲ್ಲಿ ಹಾಳೆಯೇ ಮುಗಿದಿರುತ್ತದೆ.

“ನಿನ್ನ ಕಾಗದ ಜಲ್ಲಿ ಲಾರಿ ಇದ್ದ ಹಾಗೆ” ಎಂದು ಗಂಡ ಛೇಡಿಸುತ್ತಾರೆ. “ಊರೆಲ್ಲ ಸುತ್ತುತ್ತೆ, ಗುಂಡಿ ಹತ್ರ ಮಾತ್ರ ನಿಲ್ಲಲ್ಲ.”

“ಹಾಗಿದ್ರೆ ನೀವೇ ಬರೀರಿ.”

“ನಾನು ಬರೆದ್ರೆ ಮೊದಲ ಸಾಲಲ್ಲೇ ನಿನ್ನ ಮಾನ ಹೋಗುತ್ತೆ.”

“ಅದೇ ಹೋಗ್ಬೇಕಾಗಿರೋದು, ನನ್ನ ಕೈಯಲ್ಲಿ ಹೋಗ್ತಿಲ್ಲ.”

ಈ ತಿಂಗಳ ಮೊದಲಲ್ಲಿ ಹೊಸ ಇಂಜಿನಿಯರಮ್ಮ ಬಂದರು. ಪ್ರಾಯೋಗಿಕ ಅವಧಿ ಮುಗಿದಿತ್ತು. ದಾರಿಯನ್ನು ಕಾಯಂ ಮಾಡುವುದೋ, ಡಾಂಬರು ಹಾಕಿ ಗಾಡಿಗಳಿಗೆ ಬಿಡುವುದೋ, ಮುಚ್ಚುವುದೋ, ತೀರ್ಮಾನ ಅವರ ಕೈಯಲ್ಲಿ. ಅವರು ಜೀಪಿನಲ್ಲಿ ಬರಲಿಲ್ಲ. ಸೈಕಲ್ಲಿನಲ್ಲಿ ಬಂದರು. ಹಿಂದಿನ ದಿನವಿಡೀ ಗಂಡ ಹೆಂಡತಿಗೆ ಮಾತಿನ ಜಟಾಪಟಿ.

“ಇನ್ನೊಂದೇ ವಾರ ತಡ್ಕೋ. ಸಹಿ ಆಗಿಹೋಗ್ಲಿ. ಆಮೇಲೆ ಹೇಳು, ಯಾರು ಬೇಡ ಅಂತಾರೆ?”

“ಸಹಿ ಆದ್ಮೇಲೆ ಹೇಳಿದ್ರೆ ಅದು ಹೇಳಿದ ಹಾಗಲ್ರೀ. ಕದ್ದು ತಿಂದು ಬಾಯಿ ಒರೆಸ್ಕೊಂಡು ಆಮೇಲೆ ಚೆನ್ನಾಗಿತ್ತು ಅಂದ ಹಾಗೆ.”

ಬಾಗಿನ ಹತ್ತಿರ ಅಕ್ಕ ಕುಂಟೆ ಕೆಳಗಿಟ್ಟು ಅಡ್ಡ ನಿಂತರು.

“ಮೇಡಂ, ಸಹಿಗೆ ಮುಂಚೆ ಒಂದ್ ಮಾತು. ಎರಡು ವರ್ಷದ ಹಿಂದೆ ಇಲ್ಲಿ ಬಿದ್ದ ನರ್ಸಮ್ಮಂದು ಏನೂ ತಪ್ಪಿಲ್ಲ. ಇಲ್ಲಿ ಉರುಟು ಕಲ್ಲು ಹಾಕಿದ್ದು ನಾನು. ಬಿದ್ದ ಮೇಲೆ ತೆಗೆದದ್ದೂ ನಾನು.”

ಇಂಜಿನಿಯರಮ್ಮ ಸೈಕಲ್ಲಿಗೆ ಸ್ಟ್ಯಾಂಡು ಹಾಕಿದರು. “ಆ ಕಲ್ಲು ಈಗ ಇದೆಯಾ?”

“ತೂಬಿನ ಹಿಂದೆ ರಾಶಿ ಹಾಗೇ ಇದೆ.”

“ನಾಲ್ಕು ಬುಟ್ಟಿ ತಂದು ಹಾಕಿ.”

ಅಕ್ಕ ಹಾಕಿದರು. ಇಂಜಿನಿಯರಮ್ಮ ಮೊದಲು ಮೆಲ್ಲಗೆ ಹೋದರು, ಏನೂ ಆಗಲಿಲ್ಲ. ಹಿಂದೆ ಹೋಗಿ, ಎಲ್ಲರೂ ಬರುವ ವೇಗದಲ್ಲಿ ಬಂದು ಬಾಗಿನಲ್ಲಿ ತಿರುಗಿಸಿದರು. ಹಿಂದಿನ ಚಕ್ರ ಸರ್ರನೆ ಜಾರಿತು. ಕಾಲು ಊರಿ ನಿಲ್ಲುವಷ್ಟರಲ್ಲಿ ಹೆಲ್ಮೆಟ್ಟು ಮೂಗಿನ ಮೇಲಿತ್ತು, ಮೊಣಕಾಲು ತರಚಿತ್ತು.

“ಅರ್ಥ ಆಯ್ತು” ಎಂದರು ಇಂಜಿನಿಯರಮ್ಮ, ಹೆಲ್ಮೆಟ್ಟು ಮೇಲೆ ತಳ್ಳುತ್ತಾ. “ಇದನ್ನ ಆಗಲೇ ಯಾಕೆ ಹೇಳ್ಲಿಲ್ಲ?”

“ದಾರಿಗೆ ಬೀಗ ಬೀಳುತ್ತೆ ಅಂತ.” ಅಕ್ಕ ಕುಂಟೆ ಎತ್ತಿಕೊಂಡರು. “ಅದು ಅರ್ಧ, ಮೇಡಂ. ಇನ್ನರ್ಧ ನನ್ನ ಹೆದರಿಕೆ.”

ಇಂಜಿನಿಯರಮ್ಮ ಸೈಕಲ್ಲು ಹತ್ತಿದರು. ಸಹಿ ಹಾಕದೆ ಹೊರಟುಹೋದರು.

ಆಮೇಲಿನ ಹದಿನೆಂಟು ದಿನ ಅಕ್ಕ ಎಂದಿನಂತೆ ಜಲ್ಲಿ ಎಳೆದರು. ಕೈ ಕೆಲಸ ಮಾಡುತ್ತಿತ್ತು, ಕಿವಿ ಮಾತ್ರ ಕಚೇರಿಯ ಜೀಪಿನ ಸದ್ದಿಗೆ ಕಾಯುತ್ತಿತ್ತು. ದಾಟುವ ಒಂದೊಂದು ಗಂಟೆಯ ಸದ್ದೂ ‘ಇನ್ನೆಷ್ಟು ದಿನ’ ಎಂದು ಕೇಳಿದಂತಾಗುತ್ತಿತ್ತು. ಶಾಲೆಯ ಹುಡುಗಿಯರು ಕೈಬೀಸಿದರೆ ತಿರುಗಿ ಬೀಸಲು ಕೈ ಏಳುತ್ತಿರಲಿಲ್ಲ. ಗಂಡ ‘ನಾನು ಹೇಳಿರಲಿಲ್ಲವಾ’ ಎಂದು ಒಂದು ದಿನವೂ ಅನ್ನಲಿಲ್ಲ. “ಅದಕ್ಕೇ ಇನ್ನೂ ಭಯ ಆಗ್ತಿತ್ತು” ಎನ್ನುತ್ತಾರೆ ಅಕ್ಕ.

ಕಳೆದ ಸೋಮವಾರ ಲಕೋಟೆ ಬಂತು. ಒಳಗೆ ಮೂರು ಹಾಳೆ. ಅಕ್ಕನ ಕನ್ನಡಕ ಯಾವ ಮೂಲೆಯಲ್ಲಿತ್ತೋ, ಗಂಡನೇ ಓದಿದರು. ಮೊದಲನೆಯದು ಎಚ್ಚರಿಕೆ ಪತ್ರ: ಸತ್ಯ ಮರೆಮಾಚಿದ್ದಕ್ಕೆ, ಇನ್ನು ಮುಂದೆ ಹೀಗಾಗಕೂಡದು. ಅಕ್ಕ ಗೋಡೆಗೆ ಒರಗಿ ಕೂತುಬಿಟ್ಟರು. ಎರಡನೆಯದು ತಿದ್ದಿದ ವರದಿ: ಅಂದಿನ ಅಪಘಾತಕ್ಕೆ ಕಾರಣ ದಾರಿಗೆ ಹಾಕಿದ್ದ ಉರುಟು ಕಲ್ಲು, ಸವಾರರ ತಪ್ಪೇನೂ ಇಲ್ಲ, ಬಾಗುಗಳಲ್ಲಿ ಉರುಟು ಕಲ್ಲು ಹಾಕುವುದನ್ನು ಇನ್ನು ಮುಂದೆ ನಿಷೇಧಿಸಲಾಗಿದೆ. ಮೂರನೆಯದನ್ನು ಗಂಡ ಮನಸ್ಸಿನಲ್ಲೇ ಓದಿಕೊಂಡರು.

“ಜೋರಾಗಿ ಓದ್ರೀ! ಬೀಗಾನಾ?”

“ಕಾಯಂ” ಎಂದರು ಗಂಡ. “ದಾರಿ ಕಾಯಂ. ಮೋಟಾರು ಗಾಡಿ ಇಲ್ಲ, ಡಾಂಬರು ಇಲ್ಲ. ಇಲ್ನೋಡು, ನಿರ್ವಹಣೆ ಅಂತ ಬರೆದಿರೋ ಕಡೆ ನಿನ್ನ ಹೆಸರೇ ಇದೆ.”

ಹೋದ ಜೀವ ಬಂದಂತಾಯಿತು. ಅಕ್ಕ ಅತ್ತರು, ನಕ್ಕರು, ಒಲೆಯ ಮೇಲೆ ಚಹಾ ಉಕ್ಕಿ ಹೋಗಿದ್ದಕ್ಕೆ ಗಂಡನನ್ನು ಬೈದರು. ಎಚ್ಚರಿಕೆ ಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬೇಕು ಎನ್ನುವುದು ಈಗ ಗಂಡನ ಹೊಸ ತಮಾಷೆ. “ಮೂವತ್ತು ವರ್ಷದ ಕೆಲಸದಲ್ಲಿ ಕಚೇರಿಯವರು ಇವಳ ಹೆಸರು ಹಾಕಿ ಬರೆದಿರೋ ಮೊದಲ ಕಾಗದ ಅದು. ಬೈಗುಳವೇ ಆಗಿರಲಿ, ಅಕ್ಷರ ಎಷ್ಟು ದುಂಡಗಿದೆ ನೋಡಿ!”

ಹನ್ನೆರಡನೆಯ ಕಾಗದವನ್ನು ಅಕ್ಕ ಅಂದೇ, ಆ ಗಿಡ್ಡ ಕಾಲಿನ ಮೇಜಿನ ಮೇಲೆ, ಬೆಳಕಿರುವಾಗಲೇ ಬರೆದು ಮುಗಿಸಿದರು. ಅದರಲ್ಲಿ ಮಳೆಯಿಲ್ಲ, ಬೆಳೆಯಿಲ್ಲ, ಮೊಣಕಾಲೂ ಇಲ್ಲ. ‘ನರ್ಸಮ್ಮನವರಿಗೆ. ನೀವು ಬಿದ್ದದ್ದು ನಾನು ಹಾಕಿದ ಕಲ್ಲಿನಿಂದ. ಮೈಮರೆತದ್ದು ನೀವಲ್ಲ, ನಾನು. ಗೊತ್ತಿದ್ದೂ ಎರಡು ವರ್ಷ ಸುಮ್ಮನಿದ್ದೆ. ಕಚೇರಿಯ ಹಾಳೆ ಜೊತೆಗಿದೆ, ನಿಮ್ಮ ಮನೆಯವರಿಗೆ ಓದಿ ಹೇಳಿ.’ ಕೆಳಗೆ ಸಹಿ.

ಈ ಬೆಳಿಗ್ಗೆ ಏಡಿಯ ತೂತು ಮುಚ್ಚಿ, ಕಾಲು ತೊಳೆದುಕೊಂಡು, ಅಕ್ಕ ಅಂಚೆ ಕಚೇರಿಗೆ ಹೊರಡುತ್ತಾರೆ. ಅಲ್ಲಿ ಒಂದು ಕೌಂಟರು, ಒಂದು ತಕ್ಕಡಿ, ದಾರ ಕಟ್ಟಿದ ಪೆನ್ನು. ಮುಂದೆ ಇಬ್ಬರಿದ್ದಾರೆ. ಸಾಲಿನಲ್ಲಿ ನಿಂತಷ್ಟು ಹೊತ್ತೂ ಲಕೋಟೆಯನ್ನು ಎರಡೂ ಕೈಯಲ್ಲಿ ಹಿಡಿದಿರುತ್ತಾರೆ, ತುಂಬಿದ ತಟ್ಟೆ ಹಿಡಿದ ಹಾಗೆ.

“ಸಾದಾನಾ, ರಿಜಿಸ್ಟರಾ?” ಎಂದು ಗುಮಾಸ್ತೆ ಕೇಳುತ್ತಾಳೆ.

“ಅವರ ಕೈಗೇ ಸೇರಬೇಕಮ್ಮಾ. ಅತ್ತೆ ಕೈಗಲ್ಲ.”

“ಹಾಗಿದ್ರೆ ರಿಜಿಸ್ಟರ್. ಒಳಗೆ ಬೆಲೆಬಾಳೋದು ಏನಾದ್ರೂ ಇದೆಯಾ?”

ಅಕ್ಕ ಸ್ವಲ್ಪ ಯೋಚಿಸುತ್ತಾರೆ. “ನನಗೆ ಬೇಡದ್ದು, ಅವರಿಗೆ ಬೇಕಾದ್ದು.”

“ಅದಕ್ಕೆ ಇಲ್ಲಿ ಕಾಲಂ ಇಲ್ಲ ಅಕ್ಕಾ. ಕಾಗದ ಪತ್ರ ಅಂತ ಬರ್ಕೊಳ್ತೀನಿ. ಮೂರು ದಿನಕ್ಕೆ ಸೇರುತ್ತೆ.” ಗುಮಾಸ್ತೆ ಲಕೋಟೆಯನ್ನು ತಕ್ಕಡಿಗೆ ಹಾಕಿ, ವಿಳಾಸವನ್ನು ಒಮ್ಮೆ ಗಟ್ಟಿಯಾಗಿ ಓದಿ, ಮುದ್ರೆ ಎತ್ತುತ್ತಾಳೆ. “ತಿದ್ದೋದು ಗಿದ್ದೋದು ಏನಾದ್ರೂ ಇದೆಯಾ? ಹೊಡೆದ ಮೇಲೆ ವಾಪಸ್ ಕೊಡಲ್ಲ ನೋಡಿ.”

“ಹೊಡೀರಿ” ಎನ್ನುತ್ತಾರೆ ಜಲ್ಲಿ ಅಕ್ಕ.